ಸೀಸೆಗೊಂದು ಹೆಸರು

ನಮ್ಮ ಜನಕ್ಕೆ ಅಂಟಿಸುವ ಹುಚ್ಚು ಸ್ವಲ್ಪ ಜಾಸ್ತಿಯೇ ಎನ್ನಬೇಕು. ಆಟೋರಿಕ್ಷಾದ ಬೆನ್ನ ಮೇಲೆ ತಾಯಿಯ ಆಶೀರ್ವಾದ, ಲಾರಿಯ ಹಣೆಯ ಮೇಲೆ ಮನೆದೇವರ ಹೆಸರು, ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಹುಲಿಯದೋ ಹದ್ದಿನದೋ ಮುಖ. ಹೊಸ ಸ್ಟೀಲ್ ಪಾತ್ರೆಗೆ ಕಂಪನಿಯವರು ಅಂಟಿಸಿದ ಚೀಟಿಯನ್ನು ವರ್ಷವಾದರೂ ಕೀಳದೆ ಜೋಪಾನ ಮಾಡುವ ಮನೆಗಳನ್ನು ನೀವೂ ನೋಡಿರುತ್ತೀರಿ. ಹೀಗೆ ವಾಹನಗಳಿಗೆ ಅಂಟಿಸುವ ಹಾಳೆಗೆಲ್ಲ ನಮ್ಮ ಕಡೆ ಇರುವುದು ಒಂದೇ ಹೆಸರು, ರೇಡಿಯಂ. ‘ಬೈಕಿಗೆ ರೇಡಿಯಂ ಹಾಕಿಸ್ಬೇಕು’ ಎಂದು ಹತ್ತನೇ ತರಗತಿಯ ಹುಡುಗರು ಮಾತಾಡಿಕೊಳ್ಳುವುದನ್ನು ಕೇಳಿದಾಗಲೆಲ್ಲ ವಿಜ್ಞಾನದ ಮೇಷ್ಟ್ರಾದ ನನ್ನ ಕಿವಿ ನೆಟ್ಟಗಾಗುತ್ತದೆ.

ರೇಡಿಯಂ ಎಂಬುದು 1898ರಲ್ಲಿ ಕ್ಯೂರಿ ದಂಪತಿ ಕಂಡುಹಿಡಿದ ವಿಕಿರಣಶೀಲ ಧಾತು. ಕತ್ತಲಲ್ಲೂ ಗಡಿಯಾರದ ಅಂಕಿ ಕಾಣಲೆಂದು ಕಳೆದ ಶತಮಾನದ ಆರಂಭದಲ್ಲಿ ಅದನ್ನು ಬಣ್ಣಕ್ಕೆ ಬೆರೆಸುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯಲ್ಲಿ ಆ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಿಂದಲೇ ಚೂಪು ಮಾಡಿಕೊಳ್ಳುತ್ತಿದ್ದರು. ಅಪಾಯವೇನೂ ಇಲ್ಲವೆಂದೇ ಅವರಿಗೆ ಹೇಳಲಾಗಿತ್ತು. ದವಡೆಯ ಮೂಳೆ ಕೊಳೆತು ಹಲವರು ಸತ್ತ ಮೇಲೆ, 1927ರಲ್ಲಿ ಐವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನಮ್ಮ ಬೈಕಿನ ಸ್ಟಿಕ್ಕರಿನಲ್ಲಿ ಆ ಧಾತುವಿನ ಒಂದು ಕಣವೂ ಇಲ್ಲ. ಅದರೊಳಗಿರುವುದು ಗಾಜಿನ ಅತಿ ಸಣ್ಣ ಮಣಿಗಳು ಅಥವಾ ಪ್ಲಾಸ್ಟಿಕ್ಕಿನ ಪುಟ್ಟ ಪಟ್ಟಕಗಳು. ಎದುರಿನ ವಾಹನದ ಬೆಳಕು ಅವುಗಳ ಮೇಲೆ ಬಿದ್ದರೆ ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ, ಅಷ್ಟೆ. ವಸ್ತು ಹೋಗಿ ಹೆಸರು ಮಾತ್ರ ಉಳಿದ ಈ ಪ್ರಕರಣದಿಂದ ಯಾರಿಗೂ ನಷ್ಟವಿಲ್ಲವೆನ್ನಿ. ಆದರೆ ಎಲ್ಲ ತಪ್ಪು ಹೆಸರುಗಳೂ, ಬಿದ್ದುಹೋದ ಎಲ್ಲ ಚೀಟಿಗಳೂ ಇಷ್ಟು ಸಾಧುವಾಗಿರುವುದಿಲ್ಲ.

ಈ ವಿಚಾರ ನನ್ನ ತಲೆಗೆ ಹೊಕ್ಕಿದ್ದು ನಮ್ಮ ಮನೆಗೆ ಸ್ಟಿಕ್ಕರ್ ಕತ್ತರಿಸುವ ಯಂತ್ರವೊಂದು ಬಂದ ಮೇಲೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಗೆಳತಿಯ ಮದುವೆಯ ತಾಂಬೂಲದ ಚೀಲಗಳ ಮೇಲೆ ವಧೂವರರ ಹೆಸರು ಅಂಟಿಸಲೆಂದು ಅದನ್ನು ಕೊಂಡಿದ್ದಳು. ಒಂದು ಒಳ್ಳೆಯ ಮೊಬೈಲಿನಷ್ಟು ಬೆಲೆ. ಮದುವೆ ಮುಗಿಯಿತು, ಅವಳು ಚಿಕ್ಕ ಕೋಣೆಗೆ ವಾಸ್ತವ್ಯ ಬದಲಿಸಿದಳು, ಯಂತ್ರ ಬಸ್ಸು ಹತ್ತಿ ಸಾಗರಕ್ಕೆ ಬಂತು. ನೋಡಲು ಪ್ರಿಂಟರಿನ ಹಾಗೆಯೇ ಇದೆ. ಶಾಯಿಯ ಜಾಗದಲ್ಲಿ ಮಾತ್ರ ಗುಂಡುಸೂಜಿಯ ತಲೆಗಿಂತ ಸ್ವಲ್ಪ ದಪ್ಪದ ಒಂದು ಚಾಕು.

‘ಇದೆಂಥ ಯಂತ್ರ?’ ಎಂದಳು ನನ್ನ ಹೆಂಡತಿ.

‘ಅಕ್ಷರ ಕತ್ತರಿಸ್ತದೆ. ನಿನ್ನ ಅಡಿಗೆಮನೆ ಡಬ್ಬಕ್ಕೆಲ್ಲ ಹೆಸರು ಅಂಟಿಸ್ಬಹುದು. ಸಾಸಿವೆ, ಜೀರಿಗೆ, ಮೆಂತ್ಯ...’

‘ಮೂವತ್ತು ವರ್ಷದಿಂದ ಅದೇ ಡಬ್ಬ, ಅದೇ ಜಾಗ. ಕಣ್ಣು ಮುಚ್ಚಿ ತೆಗೀತೀನಿ. ನನಗೆಂಥಕ್ಕೆ ಚೀಟಿ?’ ಎಂದು ಒಳಗೆ ಹೋದವಳು ಬಾಗಿಲ ಬಳಿ ನಿಂತು ಮತ್ತೊಂದು ಮಾತು ಸೇರಿಸಿದಳು. ‘ಅಂಟಿಸಿ ಬಿಡಿ. ನಾನು ಊರಿಗೆ ಹೋದಾಗ ನಿಮಗೆ ಬೇಕಾಗ್ತದೆ.’

ಚೀಟಿ ಬೇಕಾಗಿರುವುದು ತಿಳಿದವರಿಗಲ್ಲ, ತಿಳಿಯದವರಿಗೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ಸರಳವಾಗಿ ಹೇಳಲು ಬರುತ್ತಿರಲಿಲ್ಲ. ಆ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಅಡಿಗೆಮನೆಯಲ್ಲ, ನಮ್ಮ ಪ್ರೌಢಶಾಲೆಯ ಪ್ರಯೋಗಾಲಯ.

ಮಲೆನಾಡಿನ ಮಳೆಗಾಲ ಕಂಡವರಿಗೆ ಗೊತ್ತು, ಜೂನ್ ಕಳೆದರೆ ಇಲ್ಲಿ ಗೋಡೆಯೂ ಬೆವರುತ್ತದೆ. ಗೋಂದು ಹಚ್ಚಿ ಅಂಟಿಸಿದ ಕಾಗದದ ಚೀಟಿ ಮೊದಲು ಮೂಲೆ ಎತ್ತುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಆಮ್ಲದ ಹಬೆ ತಗುಲಿ ಶಾಯಿ ಮಾಸುತ್ತದೆ, ಉಳಿದದ್ದನ್ನು ಹುಳು ತಿನ್ನುತ್ತದೆ. ನಮ್ಮ ಕಪಾಟಿನಲ್ಲಿದ್ದ 64 ಸೀಸೆಗಳಲ್ಲಿ ಅರ್ಧಕ್ಕರ್ಧದ ಚೀಟಿ ಹೀಗೆ ಹೋಗಿತ್ತು. ಆದರೂ ಬಹಳ ಕಾಲ ತೊಂದರೆಯಾಗಲಿಲ್ಲ. ಕಾರಣ, ನಮ್ಮ ಅಟೆಂಡರ್. ಎರಡನೇ ಅರೆಯ ಎಡದಿಂದ ಮೂರನೆಯದು ಎಂದರೆ ಅವರಿಗೆ ಅದು ಸತುವಿನ ಸಲ್ಫೇಟು. ಕತ್ತು ಸ್ವಲ್ಪ ಸೀಳಿದ್ದರೆ ಅಮೋನಿಯಂ ಕ್ಲೋರೈಡು. ಎತ್ತಿದ ಭಾರದ ಮೇಲೆ ಗಂಧಕಾಮ್ಲವನ್ನು ಹೇಳಿಬಿಡುತ್ತಿದ್ದರು. ಅದು ನೀರಿನ ಸುಮಾರು 1.8ರಷ್ಟು ಭಾರವೆಂಬುದನ್ನು ಅವರು ಪುಸ್ತಕದಲ್ಲಿ ಓದಿದವರಲ್ಲ, ಅವರ ಕೈಗೆ ಗೊತ್ತಿತ್ತು. 2019ರಲ್ಲಿ ಅವರು ನಿವೃತ್ತರಾದರು, ಆ ಹುದ್ದೆ ತುಂಬಲಿಲ್ಲ. ಅವರ ಜೊತೆಗೆ ಆ ಕಪಾಟಿನ ಹೆಸರುಗಳೂ ಶಾಲೆಯ ಗೇಟು ದಾಟಿ ಹೋದವು. ಇನ್ನು ಕೆಲವೇ ವರ್ಷಗಳಲ್ಲಿ ನಾನೂ ಅದೇ ಗೇಟು ದಾಟುವವನು.

ಹೆಸರಿಲ್ಲದ ಸೀಸೆ ಏನು ಮಾಡಬಲ್ಲದು ಎಂಬುದನ್ನು ನಾನು ಹುಡುಗನಾಗಿದ್ದಾಗಲೇ ಕಂಡಿದ್ದೇನೆ. 1985ರ ಸುಮಾರು, ಒಂಬತ್ತನೇ ತರಗತಿ, ಬೇರೊಂದು ಊರಿನ ಶಾಲೆ. ನೀರಿನಂತೆ ತಿಳಿಯಾಗಿದ್ದ ಒಂದು ಸೀಸೆಯಿಂದ ನನ್ನ ಪಕ್ಕದ ಹುಡುಗನ ತೋಳಿನ ಮೇಲೆ ನಾಲ್ಕು ಹನಿ ಚಿಮ್ಮಿತು. ನೀರೆಂದುಕೊಂಡು ಅವನು ಕೊಡವಿಕೊಂಡ, ಮೈಗೂ ಏನೂ ಆಗಲಿಲ್ಲ. ಅದು ನೀರು ಬೆರೆಸಿದ ಗಂಧಕಾಮ್ಲ. ನೀರು ಆವಿಯಾಗಿ ಹೋಗುತ್ತದೆ, ಆಮ್ಲ ಹೋಗುವುದಿಲ್ಲ. ಬಟ್ಟೆಯ ಮೇಲೆಯೇ ಉಳಿದು ಗಟ್ಟಿಯಾಗುತ್ತ ಹತ್ತಿಯ ನೂಲನ್ನು ತಿನ್ನುತ್ತದೆ. ಅವನ ತಾಯಿ ಅಂಗಿಯನ್ನು ಒಗೆದು ಹಿಂಡಿದಾಗ ಹನಿ ಬಿದ್ದ ಜಾಗದಲ್ಲೆಲ್ಲ ತೂತು. ಅವನಿಗಿದ್ದುದು ಅದೊಂದೇ ಬಿಳಿ ಅಂಗಿ. ವರ್ಷವಿಡೀ ತೋಳು ಮಡಚಿಕೊಂಡೇ ಶಾಲೆಗೆ ಬಂದ. ಚೀಟಿ ಇಲ್ಲದ್ದಕ್ಕೆ ಬೆಲೆ ತೆತ್ತವನು ಆ ಸೀಸೆಯನ್ನು ತುಂಬಿದವನಲ್ಲ, ಇಟ್ಟವನೂ ಅಲ್ಲ.

ಹಾಗಾಗಿ ಮಗಳ ಯಂತ್ರಕ್ಕೆ ಒಂದು ಕೆಲಸ ಸಿಕ್ಕಿತು.

ಮೊದಲಿಗೆ ಹೆಸರು ಕಳೆದುಕೊಂಡ ಸೀಸೆಗಳಲ್ಲಿ ಏನಿದೆಯೆಂದು ಪತ್ತೆ ಮಾಡಬೇಕಿತ್ತು. ಅದನ್ನೇ ಹತ್ತನೇ ತರಗತಿಗೆ ಪಾಠ ಮಾಡಿಕೊಂಡೆ. ಮಕ್ಕಳನ್ನು ದೂರ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಮಾಡಿ ತೋರಿಸಿದೆ. ಬೇರಿಯಂ ಕ್ಲೋರೈಡ್ ಹಾಕಿದಾಗ ಬಿಳಿಯ ಗಷ್ಟು ಕೂತು, ಆಮ್ಲ ಸೇರಿಸಿದರೂ ಕರಗದೆ ಉಳಿದರೆ ಅದು ಸಲ್ಫೇಟು. ಬೆಳ್ಳಿಯ ನೈಟ್ರೇಟಿಗೆ ಮೊಸರಿನಂತೆ ಒಡೆದರೆ ಕ್ಲೋರೈಡು. ಕಬ್ಬಿಣದ ಸಲ್ಫೇಟಿನ ದ್ರಾವಣಕ್ಕೆ ಗಂಧಕಾಮ್ಲವನ್ನು ಅಂಚಿನಿಂದ ಮೆಲ್ಲನೆ ಇಳಿಸಿದಾಗ ನಡುವೆ ಕಂದು ಉಂಗುರ ಮೂಡಿದರೆ ನೈಟ್ರೇಟು. ಆ ಉಂಗುರ ಕಂಡಾಗ ಮಕ್ಕಳು ಹಾಕಿದ ಕೂಗಿಗೆ ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಓಡಿಬಂದರು. ಏನೆಂದು ತೀರ್ಮಾನವಾಗದ ಮೂರು ಸೀಸೆಗಳನ್ನು ಬೇರೆ ಇಟ್ಟು ಬೀಗ ಹಾಕಿದೆವು.

ಇನ್ನು ಯಂತ್ರದ ವಿಷಯ. ಇದರೊಳಗೆ ಮಾಯೆಯೇನೂ ಇಲ್ಲ, ಒಂಬತ್ತನೇ ತರಗತಿಯ ನಿರ್ದೇಶಾಂಕ ರೇಖಾಗಣಿತವಿದೆ. ಹಾಳೆಯನ್ನು ರೋಲರುಗಳು ಹಿಂದೆ ಮುಂದೆ ಎಳೆಯುತ್ತವೆ, ಚಾಕು ಎಡಬಲಕ್ಕೆ ಓಡುತ್ತದೆ. ಈ ಎರಡು ಚಲನೆ ಕೂಡಿದರೆ ಹಾಳೆಯ ಮೇಲೆ ಯಾವ ಬಿಂದುವನ್ನು ಬೇಕಾದರೂ ಮುಟ್ಟಬಹುದು. ಅಕ್ಷರದ ಬಾಗು ಬಳುಕನ್ನು ಕೆಲವೇ ಬಿಂದುಗಳಿಂದ ಹೇಳುವ ಗಣಿತ ಬಳಕೆಗೆ ಬಂದದ್ದು ಅಕ್ಷರಕ್ಕಾಗಿ ಅಲ್ಲ, ಕಾರಿಗಾಗಿ. ಫ್ರಾನ್ಸಿನ ರೆನೋ ಕಂಪನಿಯ ಎಂಜಿನಿಯರ್ ಪಿಯರೆ ಬೆಜಿಯೆ 1960ರ ದಶಕದಲ್ಲಿ ಕಾರಿನ ಮೈಯ ವಕ್ರರೇಖೆಗಳಿಗೆ ಅದನ್ನು ಬಳಸಿದರು. ಇಂದು ಕಂಪ್ಯೂಟರಿನ ಪ್ರತಿ ಅಕ್ಷರವೂ ಇಂಥ ರೇಖೆಗಳ ಮೇಲೆಯೇ ನಿಂತಿದೆ.

ಚಾಕುವಿನ ಯುಕ್ತಿ ನನಗೆ ಬಹಳ ಹಿಡಿಸಿತು. ಅದನ್ನು ತಿರುಗಿಸಲು ಬೇರೆ ಮೋಟಾರು ಇಲ್ಲ. ಆಫೀಸಿನ ಕುರ್ಚಿಯ ಗಾಲಿಯನ್ನು ನೋಡಿ, ನೀವು ಎತ್ತ ತಳ್ಳಿದರೆ ಅತ್ತ ತಾನೇ ತಿರುಗಿ ಹಿಂಬಾಲಿಸುತ್ತದೆ. ಗಾಲಿಯ ಅಚ್ಚು ಅದರ ಕಂಬದ ನೇರಕ್ಕಿರದೆ ಸ್ವಲ್ಪ ಹಿಂದಕ್ಕಿರುವುದೇ ಅದಕ್ಕೆ ಕಾರಣ. ಚಾಕುವಿನ ಮೊನೆಯೂ ಹಾಗೆಯೇ, ತಾನು ಸುತ್ತುವ ಅಚ್ಚಿನಿಂದ ಸುಮಾರು ಕಾಲು ಮಿಲಿಮೀಟರ್ ಪಕ್ಕಕ್ಕಿದೆ. ಎಳೆದತ್ತ ಹೊರಳುತ್ತದೆ. ಎಷ್ಟು ಆಳ ಇಳಿಯಬೇಕೆಂಬುದೇ ಇಲ್ಲಿನ ಮುಖ್ಯ ಲೆಕ್ಕ. ಮೇಲಿನ ಪ್ಲಾಸ್ಟಿಕ್ ಹಾಳೆಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದು ಪೂರ್ತಿ ತುಂಡಾಗಬೇಕು, ಅಡಿಯ ಕಾಗದಕ್ಕೆ ಗೀರು ಮಾತ್ರ ಬೀಳಬೇಕು. ಈ ಹಾಳೆ ಪಿವಿಸಿ, ನೀರಿನ ಕೊಳವೆ ಮಾಡುವ ಪ್ಲಾಸ್ಟಿಕ್ಕಿನ ಜಾತಿಯದೇ. ನೀರು ಬೆರೆಸಿದ ಆಮ್ಲಕ್ಕೂ ಮಳೆಗಾಲದ ತೇವಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಇದನ್ನು ಚಾಕುವಿನಲ್ಲೇ ಕತ್ತರಿಸಬೇಕು. ಲೇಸರ್ ಕಿರಣದಲ್ಲಿ ಸುಟ್ಟು ಕತ್ತರಿಸಲು ಹೋದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬಿದ್ದು ಶ್ವಾಸಕೋಶಕ್ಕೂ ಯಂತ್ರಕ್ಕೂ ಕೇಡು.

ಎಲ್ಲ ಸರಿ, ‘ಸಲ್ಫ್ಯೂರಿಕ್ ಆಮ್ಲ’ ಎಂದು ಟೈಪು ಮಾಡಿದೆ ನೋಡಿ, ಯಂತ್ರದ ಜೊತೆ ಬಂದಿದ್ದ ತಂತ್ರಾಂಶ ತಬ್ಬಿಬ್ಬಾಯಿತು. ಲ-ಗೆ ಫ-ವನ್ನೂ, ಫ-ಗೆ ಯ-ವನ್ನೂ ಒತ್ತಾಗಿ ಕೊಡಲು ಅದಕ್ಕೆ ಬರಲಿಲ್ಲ. ಜಾತ್ರೆಯಲ್ಲಿ ಕೈತಪ್ಪಿದ ಮಕ್ಕಳಂತೆ ಅಕ್ಷರಗಳು ಒಂದೊಂದು ಕಡೆ ನಿಂತವು. ನಮ್ಮದು ಕನ್ನಡ ಮಾಧ್ಯಮದ ಶಾಲೆ. ಕಂಪನಿಯಿಂದ ಬರುವ ದೊಡ್ಡ ಸೀಸೆಯ ಮೇಲೆ ಇಂಗ್ಲಿಷಿನಲ್ಲಿ ಎಲ್ಲ ಎಚ್ಚರಿಕೆಯೂ ಇರುತ್ತದೆ. ಅದರಿಂದ ಮಕ್ಕಳ ಮೇಜಿನ ಸಣ್ಣ ಸೀಸೆಗೆ ಸುರಿದ ಮೇಲೆ, ಅವರು ಕಣ್ಣು ಹಾಯಿಸಿದೊಡನೆ ಓದುವ ಭಾಷೆಯಲ್ಲಿ ಹೆಸರಿಲ್ಲದಿದ್ದರೆ ಆ ಚೀಟಿ ಇದ್ದೂ ಇಲ್ಲದಂತೆ.

ಮಗಳಿಗೆ ಫೋನ್ ಮಾಡಿದೆ. ‘ಅಪ್ಪಾ, ಅದಕ್ಕೆ ಅಕ್ಷರ ಅಂತ ಹೇಳ್ಬೇಡ, ಚಿತ್ರ ಅಂತ ಹೇಳು’ ಎಂದಳು. ಅವಳು ಹೇಳಿದಂತೆ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡದಲ್ಲಿ ಬರೆದೆ. ಅಲ್ಲಿ ಒತ್ತುಗಳು ಸರಿಯಾಗಿ ಕುಳಿತವು. ಆಮೇಲೆ ಬರಹವನ್ನು ಹೊರಗೆರೆಯಾಗಿ ಬದಲಿಸಿ, ಒಂದರ ಮೇಲೊಂದು ಹಾಯ್ದ ಗೆರೆಗಳನ್ನು ಬೆಸೆಯಬೇಕು. ಬೆಸೆಯದಿದ್ದರೆ ಅಕ್ಷರಕ್ಕೆ ಒತ್ತು ತಾಗುವಲ್ಲಿ ಚಾಕು ಅಡ್ಡ ಸೀಳಿ, ಒತ್ತು ಬೇರೆ ತುಂಡಾಗುತ್ತದೆ. ಬೆಸೆದು ಕಳಿಸಿದಾಗ ಯಂತ್ರ ಹೂವೋ ಹಕ್ಕಿಯೋ ಎಂದುಕೊಂಡು ‘ಸಲ್ಫ್ಯೂರಿಕ್’ ಅನ್ನು ಒಂದು ಚೂರೂ ತಪ್ಪದೆ ಕತ್ತರಿಸಿತು.

ಅಂದಹಾಗೆ, ಕತ್ತರಿಸಿ ಬರೆಯುವುದು ಕನ್ನಡಕ್ಕೆ ಹೊಸದಲ್ಲ. ಸುಮಾರು ಕ್ರಿ.ಶ. 450ರದೆಂದು ಹೇಳುವ ಹಲ್ಮಿಡಿ ಶಾಸನವನ್ನು ಕಲ್ಲಿನ ಮೇಲೆ ಉಳಿಯಿಂದ ಕೊರೆದದ್ದು. ನಮ್ಮ ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಹಸ್ತಪ್ರತಿಗಳಿವೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರುತ್ತಿದ್ದರು, ಗೀರಿದ ಮೇಲೆ ಮಸಿ ಸವರಿ ಒರೆಸಿದರೆ ಮಸಿ ಗೀರಿನಲ್ಲಷ್ಟೇ ನಿಂತು ಅಕ್ಷರ ಎದ್ದು ಕಾಣುತ್ತಿತ್ತು. ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದೇ ನಮ್ಮ ಅಕ್ಷರ ದುಂಡಗಾಯಿತು ಎನ್ನುವವರಿದ್ದಾರೆ. ಅಲ್ಲಿಯೂ ಕೈಗೆ ಗೊತ್ತಿರಬೇಕಾದದ್ದು ಇದೇ ಸೂಕ್ಷ್ಮ, ಮೇಲ್ಪದರಕ್ಕೆ ಗೀರು ಬೀಳಬೇಕು, ಗರಿ ತೂತಾಗಬಾರದು.

ಈ ಸೂಕ್ಷ್ಮವನ್ನು ನನಗೆ ಕಲಿಸಿದವರು ಬಸ್‌ಸ್ಟ್ಯಾಂಡಿನ ಬಳಿಯ ಸ್ಟಿಕ್ಕರ್ ಅಂಗಡಿಯ ಯಜಮಾನರು. ಅರವತ್ತರ ಆಸುಪಾಸಿನವರು. ಅವರು ಕೆಲಸ ಕಲಿತಾಗ ಯಂತ್ರವಿರಲಿಲ್ಲ, ಸ್ಕೇಲು ಮತ್ತು ಬ್ಲೇಡು. ನಂಬರ್ ಪ್ಲೇಟಿನ ಅಂಕಿ, ಬಸ್ಸಿನ ಹೆಸರು, ದೇವರ ಚಿತ್ರ ಎಲ್ಲವೂ ಕೈಯಲ್ಲೇ. ಸ್ಟಿಕ್ಕರ್ ಹಾಳೆ ಕೇಳಲು ಹೋದವನು ಮನೆಯಲ್ಲಿ ಯಂತ್ರವಿದೆ ಎಂದಾಗ ಅವರು ಒಂದು ಕ್ಷಣ ಸುಮ್ಮನಾದರು.

‘ನಂಬರ್ ಪ್ಲೇಟು ಕಂಪನಿಗೆ ಹೋಯ್ತು. ಹೆಸರು ಬರೆಯೋದು ಮನೆಮನೆಗೆ ಹೋಗ್ತದೆ. ನಾವು ಎಲ್ಲಿಗೆ ಹೋಗೋದು ಮೇಷ್ಟ್ರೇ?’ ಎಂದು ನಕ್ಕರು. ನಗುವಿನ ಹಿಂದಿನ ಮಾತು ಸುಳ್ಳಲ್ಲ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳೆಲ್ಲ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ಫಲಕದೊಂದಿಗೇ ಬರುತ್ತಿವೆ. ಹಳೆಯ ವಾಹನಗಳಿಗೂ ಅದನ್ನೇ ಹಾಕಿಸಬೇಕೆಂದು ಕರ್ನಾಟಕದಲ್ಲಿ 2023ರಲ್ಲಿ ಆದೇಶವಾಯಿತು. ಕಳ್ಳತನ ತಡೆಯಲು ಅದು ಒಳ್ಳೆಯದೇ. ಆದರೆ ಊರೂರಿನ ಇಂಥ ಅಂಗಡಿಗಳ ದಿನದ ಅನ್ನದಲ್ಲಿ ದೊಡ್ಡ ಪಾಲು ಇದ್ದದ್ದು ಆ ಅಂಕಿಗಳಲ್ಲೇ.

‘ನಾನು ಕತ್ತರಿಸೋದು ಶಾಲೆಯ ಸೀಸೆಗಳಿಗೆ ಮಾತ್ರ’ ಎಂದೆ. ಅವರು ಕುರ್ಚಿ ಎಳೆದು ಕೊಟ್ಟರು. ಒಂದು ತುಂಡು ಹಾಳೆಯ ಮೇಲೆ ಬ್ಲೇಡು ಎಳೆದು, ‘ಕಣ್ಣಲ್ಲಿ ನೋಡ್ಬೇಡಿ, ಕಿವಿ ಕೊಡಿ’ ಎಂದರು. ಬ್ಲೇಡು ಪ್ಲಾಸ್ಟಿಕ್ಕಿನಲ್ಲಿ ಓಡುವಾಗ ಸದ್ದೇ ಇಲ್ಲ, ಕಾಗದಕ್ಕೆ ತಾಗಿದ ಕೂಡಲೇ ಸಣ್ಣಗೆ ಕರಕರ. ‘ಆ ಸದ್ದು ಬಂತು ಅಂದ್ರೆ ಕೈ ಹಗುರ ಮಾಡ್ಬೇಕು.’ ಅಂದಿನಿಂದ ನಾನೂ ಯಂತ್ರಕ್ಕೆ ಕಿವಿ ಕೊಡುತ್ತೇನೆ. ಕನ್ನಡ ಅಕ್ಷರದ ಎತ್ತರ ಒಂದು ಸೆಂಟಿಮೀಟರಿಗಿಂತ ಕಡಿಮೆ ಇಟ್ಟರೆ ಬಿಡಿಸುವಾಗ ಒತ್ತು ಕಿತ್ತು ಬರುತ್ತದೆ, ಮೇಲೆ ಗುಡಿಸು ಕೆಳಗೆ ಒತ್ತು ಇರುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು, ಮಹಾಪ್ರಾಣದ ಗೀಟು ಬಿದ್ದುಹೋದರೆ ಫ ಹೋಗಿ ಪ ಆಗುತ್ತದೆ, ಹಾಗಾಗಿ ಬಿಡಿಸುವಾಗ ಮೊದಲು ಅದನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು. ಇವೆಲ್ಲ ಅವರು ಹೇಳಿದ್ದು, ಯಂತ್ರದ ಕೈಪಿಡಿಯಲ್ಲಿ ಒಂದೂ ಇಲ್ಲ. ಈಗ ಯಾರಾದರೂ ಬೈಕಿಗೆ ಹೆಸರು ಕತ್ತರಿಸಿಕೊಡಿ ಎಂದು ನಮ್ಮ ಮನೆಗೆ ಬಂದರೆ ನಾನು ಬಸ್‌ಸ್ಟ್ಯಾಂಡಿನ ದಾರಿ ತೋರಿಸುತ್ತೇನೆ.

ಕತ್ತರಿಸಿದ ಹಾಳೆಯನ್ನು ನೋಡಿದರೆ ಏನೂ ಕಾಣುವುದಿಲ್ಲ. ಅಕ್ಷರವೂ ಅದರ ಸುತ್ತಲಿನದೂ ಒಂದೇ ಬಣ್ಣ. ಸುತ್ತಲಿನ ಬೇಡದ ಭಾಗವನ್ನು ಚಿಮಟದಿಂದ ಎತ್ತಿ ತೆಗೆದಾಗಲೇ ಅಕ್ಷರ ಹುಟ್ಟುವುದು. ಅಂಗಡಿಯವರು ಇದಕ್ಕೆ ಬಿಡಿಸುವುದು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದರ ಹೆಸರು ವೀಡಿಂಗ್, ಅಂದರೆ ಕಳೆ ಕೀಳುವುದು. ಈ ಕೆಲಸವನ್ನು ಎಂಟನೇ ತರಗತಿಯ ಮಕ್ಕಳಿಗೆ ವಹಿಸಿದೆ. ಗದ್ದೆಯ ಕೆಲಸ ಕಂಡ ಮಕ್ಕಳು, ಕಳೆ ಯಾವುದು ಪೈರು ಯಾವುದು ಎಂದು ಹೇಳಿಕೊಡಬೇಕಾಗಲಿಲ್ಲ. ರ-ದ ಹೊಟ್ಟೆಯೊಳಗಿನ ಚೂರು, ಠ-ದ ನಡುವಿನ ಚುಕ್ಕಿ ಇವುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಅವರೊಳಗೇ ವಾದ ನಡೆಯಿತು. ಮಕ್ಕಳು ತಮ್ಮ ಲಿಪಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದನ್ನು ನಾನು ಕನ್ನಡದ ತರಗತಿಯಲ್ಲೂ ಕಂಡಿರಲಿಲ್ಲ.

ಬಿಡಿಸಿದ ಅಕ್ಷರದ ಮೇಲೆ ಪಾರದರ್ಶಕ ಟೇಪು ಒತ್ತಿ ಇಡೀ ಸಾಲನ್ನು ಎತ್ತಿ ಗಾಜಿಗೆ ಅಂಟಿಸಬೇಕು, ಆಮೇಲೆ ಟೇಪನ್ನು ಮಾತ್ರ ಸುಲಿಯಬೇಕು. ಒಬ್ಬ ಹುಡುಗ ಕೇಳಿದ. ‘ಸಾರ್, ಟೇಪು ಕಾಗದದಿಂದ ಅಕ್ಷರವನ್ನು ಎತ್ತಿಕೊಳ್ತದೆ. ಗಾಜಿನ ಮೇಲೆ ಮಾತ್ರ ಯಾಕೆ ಬಿಟ್ಟುಕೊಡ್ತದೆ?’ ಒಳ್ಳೆಯ ಪ್ರಶ್ನೆ. ಅಡಿಯ ಕಾಗದಕ್ಕೆ ಸಿಲಿಕೋನ್ ಲೇಪವಿದೆ, ಅಲ್ಲಿ ಅಂಟಿನ ಹಿಡಿತ ಎಲ್ಲಕ್ಕಿಂತ ಕಡಿಮೆ. ಟೇಪಿನ ಹಿಡಿತ ಅದಕ್ಕಿಂತ ಹೆಚ್ಚು. ಗಾಜಿನ ಮೇಲೆ ಅಕ್ಷರದ ಅಂಟಿನ ಹಿಡಿತ ಟೇಪಿಗಿಂತಲೂ ಹೆಚ್ಚು. ಈ ಮೂರರ ಏರಿಕೆಯ ಕ್ರಮ ತಪ್ಪದಿದ್ದರೆ ಅಕ್ಷರ ಕೈಯಿಂದ ಕೈಗೆ ಸಾಗಿ ಮನೆ ಸೇರುತ್ತದೆ. ನೀರು ತಾಗಿಸದೆ ಸುಲಿದು ಅಂಟಿಸುವ ಚೀಟಿಯನ್ನು 1935ರಲ್ಲಿ ಲಾಸ್ ಏಂಜಲೀಸಿನ ಸ್ಟಾಂಟನ್ ಏವರಿ ಮಾರಾಟಕ್ಕೆ ತಂದಂದಿನಿಂದ ಈ ವ್ಯಾಪಾರವೆಲ್ಲ ನಿಂತಿರುವುದು ಇಂಥ ಹಿಡಿತಗಳ ಲೆಕ್ಕಾಚಾರದ ಮೇಲೆ. ಅಂಟು ಗಾಜಿನ ತೀರ ಸಮೀಪಕ್ಕೆ ಹರಿದು ಕೂತಾಗ ಅಣುಗಳ ನಡುವಿನ ಸಣ್ಣ ಸೆಳೆತಗಳೆಲ್ಲ ಸೇರಿ ದೊಡ್ಡ ಹಿಡಿತವಾಗುತ್ತದೆ. ಗೋಡೆಯ ಹಲ್ಲಿಯೂ ಇಂಥದೇ ಸೆಳೆತದಿಂದ ನಿಲ್ಲುತ್ತದೆಂದು 2002ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು. ಅದಕ್ಕೇ ಅಂಟಿಸುವ ಮೊದಲು ಸೀಸೆಯ ಜಿಡ್ಡನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ಅಂಟಿಸಿದ ಮೇಲೆ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಗಟ್ಟಿಯಾಗಿ ಉಜ್ಜಿ, ಒಂದು ದಿನ ಮುಟ್ಟದೆ ಬಿಡಬೇಕು.

ಹೆಸರಿನ ಪಕ್ಕದಲ್ಲಿ ಚಿಹ್ನೆಯನ್ನೂ ಇಟ್ಟೆವು. ಕೈಯ ಮೇಲೂ ಲೋಹದ ಮೇಲೂ ಹನಿ ಬೀಳುತ್ತಿರುವ ಚಿತ್ರ ಕೊರೆಯುವ ವಸ್ತುವಿಗೆ, ಜ್ವಾಲೆ ಉರಿಯುವ ವಸ್ತುವಿಗೆ, ತಲೆಬುರುಡೆ ವಿಷಕ್ಕೆ. ಕೆಂಪು ಚೌಕಟ್ಟಿನ ಈ ಚಿಹ್ನೆಗಳು ವಿಶ್ವಸಂಸ್ಥೆಯ ಮೂಲಕ ಹಲವು ದೇಶಗಳು ಒಪ್ಪಿಕೊಂಡಂಥವು. ಗಂಧಕಾಮ್ಲದ ಸೀಸೆಗೆ ಮಕ್ಕಳು ಒಂದು ಸಾಲನ್ನು ಹೆಚ್ಚಿಗೆ ಕತ್ತರಿಸಿದರು: ‘ಆಮ್ಲವನ್ನು ನೀರಿಗೆ, ನೀರನ್ನು ಆಮ್ಲಕ್ಕಲ್ಲ.’ ಭಟ್ಟಿ ಇಳಿಸಿದ ನೀರಿಗೂ ಚೀಟಿ ಬೇಕೇ ಎಂದು ಒಬ್ಬಳು ಕೇಳಿದಳು. ಬೇಕು ಎಂದೆ. ಎಲ್ಲಕ್ಕಿಂತ ಮೊದಲು ಅದಕ್ಕೇ ಬೇಕು, ಏಕೆಂದರೆ ಉಳಿದವೆಲ್ಲ ಅದರ ಹಾಗೆಯೇ ಕಾಣುತ್ತವೆ.

ಚಿಹ್ನೆಯ ಪಾಠ ಮಾಡುವಾಗ ನಮ್ಮ ತೋಟಗದ್ದೆಯ ಡಬ್ಬಗಳ ವಿಷಯ ಬಂತು. ಕೀಟನಾಶಕದ ಡಬ್ಬದ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ ಇರುತ್ತದೆ, ನೋಡಿರಬಹುದು. 1971ರ ಕೀಟನಾಶಕ ನಿಯಮಗಳಂತೆ ಅದರ ಕೆಳಗಿನ ತ್ರಿಕೋನದ ಬಣ್ಣವೇ ವಿಷದ ತೀವ್ರತೆಯನ್ನು ಹೇಳುತ್ತದೆ. ಕೆಂಪು ಅತ್ಯಂತ ತೀವ್ರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೆಂದರೆ ನಿರಪಾಯವೆಂದಲ್ಲ, ನಾಲ್ಕರಲ್ಲಿ ಕಡಿಮೆ ಎಂದಷ್ಟೆ. ಓದು ಬಾರದವರಿಗೂ ತಿಳಿಯಲೆಂದು ಮಾಡಿದ ಏರ್ಪಾಡು ಇದು. ಆದರೆ ಆ ಡಬ್ಬದಿಂದ ತಂಪುಪಾನೀಯದ ಬಾಟಲಿಗೆ ಸುರಿದುಕೊಂಡ ಗಳಿಗೆಯಲ್ಲೇ ಬಣ್ಣವೂ ಹೋಯಿತು, ಹೆಸರೂ ಹೋಯಿತು. ಅದಕ್ಕೆ ನಾವು ಆಡುಮಾತಿನಲ್ಲಿ ಇಟ್ಟಿರುವ ಹೆಸರಾದರೂ ಯಾವುದು? ಔಷಧ! ಗಿಡಕ್ಕೆ ಔಷಧ ಹೊಡೆದೆ ಎನ್ನುತ್ತೇವೆ, ಕಳೆಗೆ ಔಷಧ ತಂದೆ ಎನ್ನುತ್ತೇವೆ. ಬೈಕಿನ ರೇಡಿಯಂ ಬರೀ ತಮಾಷೆಯ ತಪ್ಪು. ಇದು ಹಾಗಲ್ಲ.

ಅಂದು ಸಂಜೆ ಎಂಟನೇ ತರಗತಿಯ ಒಬ್ಬ ಹುಡುಗಿ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದಳು.

‘ಸಾರ್, ನಮ್ಮನೆ ಕೊಟ್ಟಿಗೆ ಕಿಟಕಿಯಲ್ಲಿ ಕಳೆ ಔಷಧ ಇದೆ. ಜ್ಯೂಸಿನ ಬಾಟ್ಲಲ್ಲಿ. ನನ್ನ ತಮ್ಮನಿಗೆ ನಾಲ್ಕು ವರ್ಷ.’

‘ವಿಷ’ ಎಂದು ಎರಡೇ ಅಕ್ಷರ, ಅಂಗೈಯಗಲ ಕೆಂಪು ಹಾಳೆಯಲ್ಲಿ ತಲೆಬುರುಡೆಯ ಸಮೇತ ಕತ್ತರಿಸಿ ಕೊಟ್ಟೆ. ಕೊಡುವಾಗ, ಇದನ್ನು ನೀನು ಅಂಟಿಸಬೇಡ, ಅಪ್ಪನ ಕೈಯಲ್ಲೇ ಅಂಟಿಸು ಎಂದೆ. ನಾಲ್ಕು ವರ್ಷದ ಮಗು ಅಕ್ಷರ ಓದುವುದಿಲ್ಲ ಎಂದೂ ಹೇಳಿಕಳಿಸಿದೆ. ಒಂದು ವಾರದ ಮೇಲೆ ಬಂದು ವರದಿ ಒಪ್ಪಿಸಿದಳು. ‘ಅಪ್ಪ ಮೊದಲು ನಕ್ಕರು ಸಾರ್. ಆಮೇಲೆ ಅಂಟಿಸಿದರು. ಅಂಟಿಸಿ ಅದನ್ನೇ ನೋಡ್ತಾ ನಿಂತಿದ್ದರು. ರಾತ್ರಿ ಬಾಟ್ಲನ್ನೇ ತೆಗೆದು ಬೀಗದ ಪೆಟ್ಟಿಗೆಯಲ್ಲಿಟ್ಟರು.’ ಆ ಎರಡಕ್ಷರ ಮಗುವಿಗೆ ಓದಲು ಬಾರದಿದ್ದರೂ ಓದಬೇಕಾದವರನ್ನು ತಲುಪಿತ್ತು. ಈಗ ಮಕ್ಕಳು ತಮ್ಮ ತಮ್ಮ ಮನೆಯ ಪಟ್ಟಿ ತರುತ್ತಿದ್ದಾರೆ: ಫಿನೈಲು, ಶೌಚಾಲಯದ ಆ್ಯಸಿಡ್ಡು, ಸೀಮೆಎಣ್ಣೆ, ಬ್ಯಾಟರಿಯ ನೀರು. ಅವರಿಗೆ ನಾನು ಹೇಳುವುದು ಎರಡು ಮಾತು. ಮೂಲ ಡಬ್ಬದಿಂದ ಬೇರೆಯದಕ್ಕೆ ಸುರಿಯದಿರುವುದೇ ಉತ್ತಮ. ಸುರಿಯಲೇಬೇಕಾಗಿ ಬಂದರೆ ಕುಡಿಯುವ ಬಾಟಲಿ ಬೇಡ, ಮತ್ತು ಸುರಿಯುವ ಮೊದಲೇ ಹೆಸರು ಅಂಟಿರಬೇಕು.

ನಮ್ಮ ಪ್ರಯೋಗಾಲಯದ ಬಾಗಿಲಿಗೆ ಒಂದು ಬೋರ್ಡು ಬೇಕಿತ್ತು. ಅದನ್ನು ಸ್ಟಿಕ್ಕರ್ ಅಂಗಡಿಯ ಯಜಮಾನರೇ ಬಂದು, ಮಕ್ಕಳೆದುರು ಕುಳಿತು, ಬ್ಲೇಡಿನಿಂದ ಕೈಯಲ್ಲೇ ಕತ್ತರಿಸಿ ಅಂಟಿಸಿದರು. ‘ಪ್ರಯೋಗಾಲಯ’ದ ಪ್ರ-ದ ಒತ್ತನ್ನು ಅವರು ಒಂದೇ ಎಳೆತದಲ್ಲಿ ತಿರುಗಿಸಿದಾಗ ಮಕ್ಕಳ ಉಸಿರು ನಿಂತಿತ್ತು. ದುಡ್ಡು ಕೊಡಹೋದರೆ ಹಾಳೆಯ ಬೆಲೆ ಮಾತ್ರ ಮುರಿದುಕೊಂಡರು.

ಕಳೆದ ತಿಂಗಳು ನಮ್ಮ ಹಳೆಯ ಅಟೆಂಡರ್ ಪಿಂಚಣಿಯ ಕಾಗದವೊಂದಕ್ಕೆ ಸಹಿ ಹಾಕಿಸಲು ಶಾಲೆಗೆ ಬಂದಿದ್ದರು. ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಕಪಾಟು ತೆರೆದು ತೋರಿಸಿದೆ. 61 ಸೀಸೆಗಳು, ಕಪ್ಪು ಅಕ್ಷರ, ಕೆಂಪು ಚಿಹ್ನೆ. ಅವರು ಚೀಟಿಯ ಕಡೆ ನೋಡಲೇ ಇಲ್ಲ. ಎರಡನೇ ಅರೆಗೆ ಕೈ ಹಾಕಿ, ‘ಇದು ಮೊದಲು ಎಡಕ್ಕಿತ್ತು ಸಾರ್’ ಎಂದರು. ಆಮೇಲೆ ಕಾಸ್ಟಿಕ್ ಸೋಡಾದ ಸೀಸೆಯನ್ನು ಎತ್ತಿ ಬಿರಡೆಯನ್ನು ಮುಟ್ಟಿ ನೋಡಿ, ‘ಇದಕ್ಕೆ ಗಾಜಿನ ಬಿರಡೆ ಹಾಕಬಾರದು ಅಂತ ಬರೆದಿದೀರಾ? ಕಚ್ಚಿಕೊಂಡುಬಿಟ್ಟರೆ ತೆಗೆಯೋಕೆ ಬರಲ್ಲ. ನಾನು ಯಾವಾಗ್ಲೂ ರಬ್ಬರಿನದೇ ಹಾಕ್ತಿದ್ದೆ’ ಎಂದರು.

ಕ್ಷಾರವು ಗಾಜನ್ನು ಮೆಲ್ಲಗೆ ತಿಂದು ಬಿರಡೆಯನ್ನು ಕತ್ತಿಗೆ ಬೆಸೆಯುತ್ತದೆ. ಕಾರಣ ನನಗೆ ಗೊತ್ತಿತ್ತು, ರೂಢಿ ಅವರಿಗೆ ಗೊತ್ತಿತ್ತು. ಬರೆದಿಟ್ಟವರು ಮಾತ್ರ ಯಾರೂ ಇರಲಿಲ್ಲ. ಅವರನ್ನು ಅಲ್ಲೇ ಸ್ಟೂಲಿನ ಮೇಲೆ ಕೂರಿಸಿ, ಚಹಾ ತರಿಸಿ, ಅವರಿಗೆ ನೆನಪಿರುವುದನ್ನೆಲ್ಲ ಹೇಳಿ ಎಂದೆ. ಇಬ್ಬರು ಮಕ್ಕಳು ಬರೆದುಕೊಳ್ಳಲು ಕುಳಿತರು.